ಕೇಬಲ್ ತುಂಡಾದರೂ ಸಿಗ್ನಲ್ ಮುಟ್ಟಬೇಕಾದರೆ ರಿಜನರೇಟರ್ ಎಲ್ಲಿಡಬೇಕು?

ಮುಖ್ಯ ದಾರಿಯಲ್ಲಿ ಸರಿಯಾದ ಜಾಗದಲ್ಲೇ ರಿಜನರೇಟರ್ (ಸೊರಗಿದ ಸಿಗ್ನಲನ್ನು ಹೊಸದಾಗಿ ಕಳಿಸುವ ಉಪಕರಣ) ಇದೆ, ಆದರೂ ಫೈಬರ್ ಕಡಿದಾಗ ಬದಲಿ ದಾರಿಯಲ್ಲಿ ಲಿಂಕ್ ಏಳುವುದಿಲ್ಲ, ಯಾಕೆ ಎಂದು ಕೇಳಿದ್ದೀರಿ. ನಾನು ಕುಮಟೆಯವನು, ಫೈಬರ್ ಕೆಲಸದಲ್ಲೇ ಇರುವವನು. ಒಂದು ಮಳೆಗಾಲದಲ್ಲಿ ನಮಗೂ ಇದೇ ಆಯಿತು. ಟ್ರಾಫಿಕ್ ಘಟ್ಟದ ಮೇಲಿನ ದಾರಿಗೆ ತಿರುಗಿತು, ಆಚೆ ತುದಿಯಲ್ಲಿ ಬೆಳಕೂ ಬಂತು, ಪವರ್ ಮೀಟರ್ ಸರಿಯಾಗೇ ತೋರಿಸುತ್ತಿತ್ತು. ಎರರ್ ಮಾತ್ರ ತುಂಬಿಹೋಗಿತ್ತು.

1550 ನ್ಯಾನೋಮೀಟರ್ ಬೆಳಕು ಕಿಲೋಮೀಟರಿಗೆ ಸುಮಾರು 0.2 ಡಿಬಿ (ಡೆಸಿಬೆಲ್, ಸಿಗ್ನಲ್ ಏರಿಳಿತದ ಅಳತೆ) ಸೊರಗುತ್ತದೆ, 80 ಕಿ.ಮೀ.ಗೆ 16 ಡಿಬಿ. ಆಂಪ್ಲಿಫೈಯರ್ ಅದನ್ನು ತುಂಬಿಕೊಡುತ್ತದೆ, ಜೊತೆಗೆ ತನ್ನದಿಷ್ಟು ನಾಯ್ಸ್ ಸೇರಿಸುತ್ತದೆ. ಸ್ಪ್ಯಾನ್‌ಗಳು (ಎರಡು ಆಂಪ್ಲಿಫೈಯರ್ ನಡುವಿನ ಫೈಬರ್ ತುಂಡುಗಳು) ಎರಡು ಪಟ್ಟಾದರೆ ಓಎಸ್‌ಎನ್‌ಆರ್, ಅಂದರೆ ನಾಯ್ಸ್‌ಗೆ ಹೋಲಿಸಿದರೆ ಸಿಗ್ನಲ್ ಎಷ್ಟಿದೆ ಎಂಬ ಅಳತೆ, 3 ಡಿಬಿ ಇಳಿಯುತ್ತದೆ, ಎಂದರೆ ಅರ್ಧವಾಗುತ್ತದೆ. ರಿಜನರೇಟರ್ ಹಾಗಲ್ಲ. ಬಿಟ್‌ಗಳನ್ನು ಓದಿ, ಹೊಸ ಬೆಳಕಾಗಿ ಕಳಿಸುತ್ತದೆ. ದೂರದ ಲೆಕ್ಕ ಅಲ್ಲಿಂದ ಮತ್ತೆ ಸೊನ್ನೆಯಿಂದ ಶುರು. ಆದರೆ ಒಂದೊಂದು ತರಂಗಾಂತರಕ್ಕೂ ಒಂದೊಂದು ಬೇಕು, ದುಬಾರಿ. ಹಾಗಾಗಿ ಎಲ್ಲ ಕಡೆ ಇಡಲಾಗುವುದಿಲ್ಲ.

ನೀವು ಅಳೆಯಬೇಕಾದದ್ದು ಕಡಿದ ದಿನದ ದಾರಿಯನ್ನು. ಮಂಗಳೂರು–ಮುಂಬೈ ಲಿಂಕ್ ತೆಗೆದುಕೊಳ್ಳಿ. ಕರಾವಳಿ ದಾರಿ ಸುಮಾರು 900 ಕಿ.ಮೀ.; ಉಪಕರಣದ ರೀಚ್ (ರಿಜನರೇಟರ್ ಇಲ್ಲದೆ ಸಿಗ್ನಲ್ ಮುಟ್ಟುವ ದೂರ) 800 ಎಂದಿಟ್ಟುಕೊಳ್ಳೋಣ. ನಕಾಶೆ ನೋಡಿದವರು ನಡುಮಧ್ಯ ಎಂದು ಗೋವಾದಾಚೆ ರಿಜನರೇಟರ್ ಇಡುತ್ತಾರೆ. ಈಗ ಕುಮಟಾ–ಅಂಕೋಲಾ ನಡುವೆ ಕಡಿಯಿತು. ಸಿಗ್ನಲ್ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ, ಹುಬ್ಬಳ್ಳಿ, ಪುಣೆ ಮೇಲೆ ಹೋಗಬೇಕು. ಒಟ್ಟು 900ಕ್ಕೂ ಮೇಲೆ, ದಾರಿಯಲ್ಲಿ ಒಂದೂ ರಿಜನರೇಟರ್ ಇಲ್ಲ. ಅದನ್ನೇ ಕುಮಟಾದಲ್ಲಿ ಇಟ್ಟಿದ್ದರೆ? ಮಂಗಳೂರಿನಿಂದ 200, ಅಲ್ಲಿಂದ ಮುಂಬೈಗೆ ಯಾವ ದಾರಿ ಹಿಡಿದರೂ 700 ಚಿಲ್ಲರೆ. ಎರಡೂ ದಾರಿ ಕವಲೊಡೆಯುವ ಜಾಗ ಅದು. ಆದರೆ ಹೊನ್ನಾವರದ ಹತ್ತಿರ ಕಡಿದರೆ ಕುಮಟಾಕ್ಕೆ ಮುಟ್ಟುವುದೇ ಇಲ್ಲ. ಶಿವಮೊಗ್ಗದ ಮೇಲೆ ಸುತ್ತಿ ಬರುವುದಕ್ಕೆ ಹುಬ್ಬಳ್ಳಿಯಲ್ಲಿ ಇನ್ನೊಂದು ಬೇಕು. ನಾನಾದರೆ ಎರಡೂ ಇಡುತ್ತೇನೆ. ಇದು ರಸ್ತೆಯ ಲೆಕ್ಕ, ಫೈಬರ್ ಇದಕ್ಕಿಂತ ಉದ್ದವೇ ಇರುತ್ತದೆ. ಓಟಿಡಿಆರ್ (ಬೆಳಕು ಬಿಟ್ಟು ಫೈಬರಿನ ಉದ್ದ ಅಳೆಯುವ ಉಪಕರಣ) ಹಾಕಿ ಅಳೆಯಿರಿ.

ದೊಡ್ಡ ನೆಟ್‌ವರ್ಕಿನಲ್ಲಿ ಕಡಿಮೆ ರಿಜನರೇಟರಿನಲ್ಲಿ ಮುಗಿಸುವ ಲೆಕ್ಕ ಎನ್‌ಪಿ-ಹಾರ್ಡ್, ಅಂದರೆ ಕೈಯಲ್ಲಿ ಬಿಡಿಸಲಾಗದಷ್ಟು ಕಷ್ಟ, ಸಾಫ್ಟ್‌ವೇರಿಗೇ ಬಿಡಿ. ಆದರೆ ಅದಕ್ಕೆ ಒಂದು ವಿಷಯ ನೀವೇ ಹೇಳಿಕೊಡಬೇಕು: ಯಾವ್ಯಾವ ಕೇಬಲ್ ಒಂದೇ ಕಾಲುವೆಯಲ್ಲಿ, ಒಂದೇ ಸೇತುವೆಯ ಮೇಲೆ ಇವೆ ಎಂದು. ನಕಾಶೆಯಲ್ಲಿ ಎರಡು ಗೆರೆ ಕಂಡರೂ ಧರೆ ಕುಸಿದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಬದಲಿ ದಾರಿಗಳೆಲ್ಲ ಒಂದೇ ರಿಜನರೇಟರನ್ನು ಹಂಚಿಕೊಂಡರೆ ದುಡ್ಡು ಉಳಿಯುತ್ತದೆ, ನಿಜ. ಒಂದು ಸಲಕ್ಕೆ ಒಂದೇ ಕಡೆ ಕಡಿಯುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ನಮ್ಮ ಜಿಲ್ಲೆಯ ಮಳೆಗಾಲಕ್ಕೆ ನಾನು ಇದನ್ನು ಒಪ್ಪುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು. 22 ದಿನ ಕಳೆಯುವಷ್ಟರಲ್ಲಿ ಅದೇ ಹೆದ್ದಾರಿಯಲ್ಲಿ ಕಾರವಾರದ ಹಳೇ ಕಾಳಿ ಸೇತುವೆ ಬಿತ್ತು. ಒಂದನ್ನು ಸರಿಮಾಡುವ ಮೊದಲೇ ಇನ್ನೊಂದು.

ಈಗಲೇ ಹೊಸದು ಕೊಳ್ಳಲಾಗದಿದ್ದರೆ, ಬದಲಿ ದಾರಿಯಲ್ಲಿ ಮಾತ್ರ ಒಂದು ಸಲಕ್ಕೆ 4 ಬಿಟ್ ಕಳಿಸುವ 16ಕ್ಯೂಎಎಂನಿಂದ 2 ಬಿಟ್ ಕಳಿಸುವ ಕ್ಯೂಪಿಎಸ್‌ಕೆಗೆ ಇಳಿಸಿ ನೋಡಿ. ವೇಗ ಅರ್ಧವಾಗುತ್ತದೆ, ಲಿಂಕ್ ಏಳುವ ಸಾಧ್ಯತೆ ಹೆಚ್ಚು. ಟ್ರಾನ್ಸ್‌ಪಾಂಡರಿನ (ತುದಿಯಲ್ಲಿ ಬೆಳಕನ್ನು ಕಳಿಸಿ, ಓದುವ ಉಪಕರಣ) ಮಾದರಿ, ಪ್ರತಿ ಸ್ಪ್ಯಾನಿನ ಉದ್ದ ಬರೆದು ಹಾಕಿದರೆ ಕೂತು ಲೆಕ್ಕ ಮಾಡಿಕೊಡುತ್ತೇನೆ.