ಸ್ಲೊವಾಕಿಯಾ ತಡವಾಗಿದ್ದು ಸೇನೆಯಿಂದಲ್ಲ

ಪೋಲೆಂಡ್, ಹಂಗೇರಿ, ಝೆಕ್ 1999ರಲ್ಲೇ ನ್ಯಾಟೋ ಸೇನಾ ಒಕ್ಕೂಟ ಸೇರಿದವು, ಸ್ಲೊವಾಕಿಯಾ 2004ರವರೆಗೆ ಕಾದಿದ್ದು ಸೇನೆ ದುರ್ಬಲವಾಗಿತ್ತು ಅಂತಲಾ ಎಂದು ನೀವು ಪ್ರಶ್ನೆ ಕೇಳಿದ್ದೀರಿ. ಮುಖ್ಯ ಕಾರಣ ಅದಲ್ಲ, ಆಗಿನ ಪ್ರಧಾನಿ ವ್ಲಾದಿಮೀರ್ ಮೆಚಿಯಾರ್ ಆಡಳಿತ. 1995ರಲ್ಲಿ ಅಧ್ಯಕ್ಷ ಮಿಖಾಲ್ ಕೊವಾಚ್ ಅವರ ಮಗನನ್ನೇ ಅಪಹರಿಸಿ ಆಸ್ಟ್ರಿಯಾಕ್ಕೆ ಸಾಗಿಸಿದರು. ಅನುಮಾನ ದೇಶದ ಗುಪ್ತಚರ ಸಂಸ್ಥೆಯ ಮೇಲೆಯೇ ಬಂತು. ಇಂಥ ಸರ್ಕಾರವನ್ನು ಯಾರು ನಂಬುತ್ತಾರೆ, ಅಲ್ವಾ? 1997ರ ನ್ಯಾಟೋ ಮ್ಯಾಡ್ರಿಡ್ ಸಭೆಯಲ್ಲಿ ಉಳಿದ ಮೂವರಿಗೆ ಆಹ್ವಾನ ಸಿಕ್ಕಿತು, ಇವರಿಗಿಲ್ಲ. ಮರುವರ್ಷ, 1998ರಲ್ಲಿ, ಮೆಚಿಯಾರ್ ಆ ಅಪಹರಣ ಪ್ರಕರಣಕ್ಕೆ ಕ್ಷಮಾದಾನವನ್ನೂ ಕೊಟ್ಟುಬಿಟ್ಟರು.

ದಾರಿ ತಿರುಗಿಸಿದ್ದು ಮತದಾರರು. ನನಗೆ ಜಾಸ್ತಿ ಇಷ್ಟವಾಗುವ ಭಾಗ ಇದು. 1998ರ ಚುನಾವಣೆಯಲ್ಲಿ ಸುಮಾರು 84% ಜನ ಮತ ಹಾಕಿದರು, ಮೆಚಿಯಾರ್ ಜಾಗದಲ್ಲಿ ಮಿಕುಲಾಶ್ ಜುರಿಂಡಾ ಪ್ರಧಾನಿಯಾದರು. 2002ರಲ್ಲಿ ಪ್ರಾಗ್‌ನಲ್ಲಿ ಆಹ್ವಾನ ಬಂತು. 2004ರ ಮಾರ್ಚ್ 29ರಂದು ಇನ್ನೂ ಆರು ದೇಶಗಳ ಜೊತೆ ಸ್ಲೊವಾಕಿಯಾ ಸದಸ್ಯನಾಯಿತು.