ಸ್ಕ್ಯಾನ್ ಮಾಡಿದ ಅಂಚೆಚೀಟಿಗೆ ಸಾಫ್ಟ್‌ವೇರ್ ಹಾಕುವ ಗ್ರೇಡ್ ನಂಬಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಸುಮಾರು ಎರಡು ಸಾವಿರ ಸ್ಟ್ಯಾಂಪು ಸ್ಕ್ಯಾನ್ ಮಾಡಿಟ್ಟಿದ್ದೀರಿ. ಒಂದೊಂದನ್ನೇ ಕೂತು ನೋಡುವಷ್ಟು ಪುರುಸೊತ್ತಿಲ್ಲ. ಸಾಫ್ಟ್‌ವೇರ್‌ಗೆ ಕೊಟ್ಟರೆ ಅದು ತಾನೇ ಗ್ರೇಡ್, ಅಂದರೆ ಸ್ಟ್ಯಾಂಪಿನ ಗುಣಮಟ್ಟದ ಅಂಕ, ಹಾಕಿಕೊಡುತ್ತದಾ, ಆ ನಂಬರ್ ನಂಬಿ ಬೆಲೆ ಕಟ್ಟಬಹುದಾ, ಎಐಗೆ ಕಲಿಸಿದರೆ ಆಗುವುದಿಲ್ಲವಾ ಅಂತ.

ಗ್ರೇಡ್ ಹಾಕಿಕೊಡುತ್ತದೆ. ಆದರೆ ಅದನ್ನು ನಂಬಿ ಬೆಲೆ ಕಟ್ಟಬೇಡಿ. ನಾನು ಕೆಲವು ವರ್ಷದಿಂದ ಇದೇ ಗೀಳು ಹಚ್ಚಿಕೊಂಡಿದ್ದೇನೆ. ಮೊದಲು ರೆಡಿಮೇಡ್ ಪ್ರೋಗ್ರಾಂ ಒಂದನ್ನು ಬಳಸಿದೆ. ಆಮೇಲೆ ಅದು ಹೇಗೆ ಲೆಕ್ಕ ಹಾಕುತ್ತಿದೆ ಅಂತ ಗೊತ್ತಾಗದೆ ತಲೆಕೆಟ್ಟು, ಪೈಥಾನ್ ಮತ್ತು ಓಪನ್‌ಸಿವಿ (ಚಿತ್ರಗಳನ್ನು ಅಳೆಯಲು ಬಳಸುವ ಸಿದ್ಧ ಕೋಡ್) ಹಿಡಿದು ನನ್ನದೇ ಒಂದನ್ನು ಬರೆದುಕೊಂಡೆ. ಬರೆಯುವಾಗಲೇ ಗೊತ್ತಾಗಿದ್ದು, ಗ್ರೇಡಿನ ಒಂದು ಭಾಗವನ್ನು ಕಂಪ್ಯೂಟರ್ ನಮ್ಮ ಕಣ್ಣಿಗಿಂತ ಚೆನ್ನಾಗಿ ಅಳೆಯುತ್ತದೆ. ಉಳಿದ ಭಾಗ ಸ್ಕ್ಯಾನ್‌ನಲ್ಲಿ ಸಿಗುವುದೇ ಕಷ್ಟ.

ಅಮೆರಿಕದ ಪಿಎಸ್‌ಇ (ಪ್ರೊಫೆಷನಲ್ ಸ್ಟ್ಯಾಂಪ್ ಎಕ್ಸ್‌ಪರ್ಟ್ಸ್) ಥರದ ಪರಿಣತ ಸಂಸ್ಥೆಗಳು 100ರವರೆಗಿನ ಅಂಕ ಕೊಡುತ್ತವೆ. 80 ಅಂದರೆ ವೆರಿ ಫೈನ್, 90 ಅಂದರೆ ಎಕ್ಸ್‌ಟ್ರೀಮ್ಲಿ ಫೈನ್, 98 ಅಂದರೆ ಸುಪರ್ಬ್. ಅಂಕ ಕೊಡುವಾಗ ಮೂರು ವಿಷಯ ನೋಡುತ್ತಾರೆ. ಚಿತ್ರ ಕಾಗದದ ನಟ್ಟನಡುವೆ ಕೂತಿದೆಯಾ, ಅಂದರೆ ಸೆಂಟರಿಂಗ್. ಕಾಗದಕ್ಕೆ, ಅಂಚಿನ ತೂತುಗಳ ನಡುವೆ ಉಳಿಯುವ ಹಲ್ಲುಗಳಿಗೆ, ಹಿಂದಿನ ಅಂಟಿಗೆ ಏಟಾಗಿದೆಯಾ. ಒಟ್ಟಾರೆ ನೋಟ ಹೇಗಿದೆ. ಸಾಫ್ಟ್‌ವೇರ್ ಗಟ್ಟಿಯಾಗಿ ಉತ್ತರ ಕೊಡುವುದು ಮೊದಲನೆಯದಕ್ಕೆ ಮಾತ್ರ.

ಸೆಂಟರಿಂಗ್ ಲೆಕ್ಕ ಬಹಳ ಸುಲಭ. ಎಡಗಡೆ ಮಾರ್ಜಿನ್ 0.9 ಮಿಲಿಮೀಟರ್, ಬಲಗಡೆ 1.2 ಇದ್ದರೆ, ಚಿಕ್ಕದನ್ನು ದೊಡ್ಡದರಿಂದ ಭಾಗಿಸಿ: 0.75. ಮೇಲೆ ಕೆಳಗೂ ಹಾಗೇ. ಇಲ್ಲೇ ಒಂದು ಮೋಸ ಇದೆ. ಕೆಲವು ಪ್ರೋಗ್ರಾಂಗಳು ಎರಡರ ಸರಾಸರಿ ತೆಗೆಯುತ್ತವೆ. ಅಡ್ಡಕ್ಕೆ 0.96, ಉದ್ದಕ್ಕೆ 0.50 ಬಂದರೆ ಸರಾಸರಿ 0.73. ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಸ್ಟ್ಯಾಂಪ್ ಕೈಗೆ ತಗೊಂಡು ನೋಡಿ. ಚಿತ್ರ ಒಂದು ಕಡೆಗೆ ಸರಿದಿರುವುದು ಎದ್ದು ಕಾಣುತ್ತದೆ, ಯಾರೂ ಚೆನ್ನಾಗಿದೆ ಅನ್ನುವುದಿಲ್ಲ. ನಾನು ಎರಡರಲ್ಲಿ ಕಡಿಮೆ ಇರುವುದನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ. ನಿಮ್ಮ ಪ್ರೋಗ್ರಾಂ ಏನು ಮಾಡುತ್ತದೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ.

ಇನ್ನೊಂದು ಪ್ರಶ್ನೆ, ಸ್ಟ್ಯಾಂಪಿನ ಅಂಚು ಅಂದರೆ ಎಲ್ಲಿ? ಹಲ್ಲಿನ ತುದಿಯಾ, ತೂತಿನ ತಳವಾ? ಹಲ್ಲು ಹರಿಯುವಾಗ ಒಂದು ಉದ್ದ, ಒಂದು ಗಿಡ್ಡ ಆಗಿರುತ್ತದೆ. ತೂತಿನ ತಳ ಮಾತ್ರ ಯಂತ್ರ ಕೊರೆದ ಜಾಗದಲ್ಲೇ ಇರುತ್ತದೆ. ಅದಕ್ಕೇ ತೂತುಗಳ ತಳ ಸೇರಿಸಿ ಒಂದು ಗೆರೆ ಎಳೆದು, ಅಲ್ಲಿಂದ ಚಿತ್ರದ ಚೌಕಟ್ಟಿಗೆ ಅಳೆಯುವುದು ಮೇಲು. ಹೀಗೆ ಮಾಡಿದರೆ ಚಿತ್ರ ಓರೆಯಾಗಿ ಕೂತಿದ್ದರೂ ಸಿಕ್ಕಿಬೀಳುತ್ತದೆ.

ಸ್ಕ್ಯಾನ್ ಎಷ್ಟು ಡಿಪಿಐನಲ್ಲಿ, ಅಂದರೆ ಇಂಚಿಗೆ ಎಷ್ಟು ಪಿಕ್ಸೆಲ್‌ನಲ್ಲಿ, ಮಾಡಿದ್ದೀರಿ ಅಂತ ಹೇಳಿಲ್ಲ. 300 ಆದರೆ ಒಂದು ಪಿಕ್ಸೆಲ್ ಅಂದರೆ ಸುಮಾರು 0.085 ಮಿಲಿಮೀಟರ್. ಅರ್ಧ ಮಿಲಿಮೀಟರ್ ಮಾರ್ಜಿನ್ ಇರುವ ಹಳೆಯ ಸ್ಟ್ಯಾಂಪಿಗೆ ಸಿಗುವುದು ಬರೀ ಆರು ಪಿಕ್ಸೆಲ್. ಒಂದು ಆಚೀಚೆ ಆದರೆ ಅಳತೆಯ ಆರನೇ ಒಂದು ಭಾಗ ಹೋಯಿತು. ಅಂಥ ಸ್ಕ್ಯಾನ್ ಮೇಲೆ 95 ಅಂತಲೋ 98 ಅಂತಲೋ ಬಂದರೆ ನಕ್ಕು ಸುಮ್ನಾಗಿ. 600 ಕನಿಷ್ಠ, ಮಾರ್ಜಿನ್ ಕಿರಿದಾಗಿದ್ದರೆ 1200. ಜೆಪೆಗ್ ಬೇಡ, ಟಿಫ್ ಅಥವಾ ಪಿಎನ್‌ಜಿ ಇರಲಿ. ಸ್ಕ್ಯಾನರ್ ತಾನಾಗೇ ಮಾಡುವ ಶಾರ್ಪನಿಂಗ್, ಕಲರ್ ತಿದ್ದುವಿಕೆ ಎಲ್ಲ ಆಫ್ ಮಾಡಿ. ಶಾರ್ಪನಿಂಗ್ ಆದರೆ ಪ್ರತಿ ಗೆರೆಯ ಪಕ್ಕ ಒಂದು ಬಿಳಿ ಅಂಚು ಹುಟ್ಟಿಕೊಳ್ಳುತ್ತದೆ, ಪ್ರೋಗ್ರಾಂ ಅದನ್ನೂ ಅಳೆಯುತ್ತದೆ.

ನನಗೆ ಆದ ಪಜೀತಿ ಹೇಳುತ್ತೇನೆ. ಒಂದು ಭಾನುವಾರ ಇನ್ನೂರು ಸ್ಟ್ಯಾಂಪು ಸ್ಕ್ಯಾನ್ ಮಾಡಿ ಓಡಿಸಿದೆ. ಸಂಜೆ ಪಟ್ಟಿ ನೋಡಿದರೆ, ಹೆಚ್ಚುಕಡಿಮೆ ಎಲ್ಲದರಲ್ಲೂ ಚಿತ್ರ ಮೇಲಕ್ಕೆ ಸರಿದಿದೆ! ಬೇರೆ ಬೇರೆ ದೇಶ, ಬೇರೆ ಬೇರೆ ಪ್ರೆಸ್, ಎಲ್ಲರೂ ಒಟ್ಟಿಗೆ ಅದೇ ತಪ್ಪು ಮಾಡುವುದುಂಟಾ? ಒಂದು ಸ್ಟ್ಯಾಂಪನ್ನು ಹಿಗ್ಗಿಸಿ ನೋಡಿದೆ. ಕೆಳಗಿನ ಹಲ್ಲುಗಳ ಅಡಿಯಲ್ಲಿ ಕೂದಲೆಳೆಯಷ್ಟು ಬೂದು ಗೆರೆ. ಎಷ್ಟೋ ಸ್ಕ್ಯಾನರ್‌ಗಳಲ್ಲಿ ದೀಪ ನೇರವಾಗಿ ಅಲ್ಲ, ಒಂದು ಕಡೆಯಿಂದ ಓರೆಯಾಗಿ ಬೆಳಕು ಹಾಯಿಸುತ್ತದೆ. ಕಾಗದದ ದಪ್ಪಕ್ಕೆ ಬಿಳಿ ಮುಚ್ಚಳದ ಮೇಲೆ ನೆರಳು ಬಿದ್ದಿತ್ತು. ಪ್ರೋಗ್ರಾಂ ಆ ನೆರಳನ್ನೂ ಸ್ಟ್ಯಾಂಪಿಗೇ ಸೇರಿಸಿಕೊಂಡಿತ್ತು. ಅದೇ ಸ್ಟ್ಯಾಂಪನ್ನು ತಲೆಕೆಳಗು ಇಟ್ಟು ಮತ್ತೆ ಸ್ಕ್ಯಾನ್ ಮಾಡಿದೆ. ಈಗ ದೊಡ್ಡ ಮಾರ್ಜಿನ್ ಚಿತ್ರದ ತಲೆಯ ಕಡೆ ಬಂತು. ತಪ್ಪು ಸ್ಟ್ಯಾಂಪಿನದಲ್ಲ ಅಂತ ಖಾತ್ರಿಯಾಯಿತು. ಸ್ಟ್ಯಾಂಪಿನ ಹಿಂದೆ ಮಂಕಾದ ಕಪ್ಪು ಕಾರ್ಡ್ ಇಟ್ಟ ಮೇಲೆ ಆ ಕಾಟ ತಪ್ಪಿತು. ಕಪ್ಪಿನ ಮೇಲೆ ತೂತುಗಳೂ ಎಣಿಸುವಷ್ಟು ಚೆನ್ನಾಗಿ ಕಾಣುತ್ತವೆ. ನಿಮ್ಮ ಎರಡು ಸಾವಿರವೂ ಬಿಳಿ ಹಿನ್ನೆಲೆಯಲ್ಲಿದ್ದರೆ, ಬೇಜಾರು ಮಾಡಿಕೊಳ್ಳಬೇಡಿ, ಮತ್ತೆ ಸ್ಕ್ಯಾನ್ ಮಾಡುವುದು ಒಳ್ಳೆಯದು.

ಸ್ಕ್ಯಾನರಿನ ಅಳತೆ ಸರಿಯಾಗಿದೆಯಾ ಅಂತ ನೋಡಲು ಸ್ಟೀಲ್ ಸ್ಕೇಲ್ ಒಂದನ್ನು ಗಾಜಿನ ಮೇಲೆ ಅಡ್ಡ ಒಮ್ಮೆ, ಉದ್ದ ಒಮ್ಮೆ ಇಟ್ಟು ಸ್ಕ್ಯಾನ್ ಮಾಡಿ. ಎರಡೂ ಸರಿಯಾಗಿ ಒಂದೇ ಬಾರದೆ ಹೋಗಬಹುದು, ಯಾಕೆಂದರೆ ಉದ್ದದ ದಿಕ್ಕಿನಲ್ಲಿ ಅಳತೆ ಮೋಟಾರ್ ಹೇಗೆ ಓಡುತ್ತದೆ ಅನ್ನುವುದರ ಮೇಲಿದೆ. ಸೆಂಟರಿಂಗ್‌ಗೆ ಇದರಿಂದ ತೊಂದರೆ ಇಲ್ಲ, ಅದು ಒಂದೇ ದಿಕ್ಕಿನ ಎರಡು ಮಾರ್ಜಿನ್‌ಗಳ ಅನುಪಾತ ತಾನೇ. ಆದರೆ ಚಿತ್ರದ ಅಳತೆ, ಪರ್ಫೊರೇಶನ್ ಗೇಜ್ ಬೇಕಿದ್ದರೆ ಈ ವ್ಯತ್ಯಾಸ ತಿದ್ದಲೇಬೇಕು.

ಗೇಜ್ ವಿಷಯದಲ್ಲಿ ನನಗೆ ಸಾಫ್ಟ್‌ವೇರ್ ಮೇಲೆ ಪ್ರೀತಿ ಜಾಸ್ತಿ. ಎರಡು ಸೆಂಟಿಮೀಟರಿನಲ್ಲಿ ಎಷ್ಟು ತೂತು ಅನ್ನುವುದೇ ಗೇಜ್. 14ಕ್ಕೂ 14.5ಕ್ಕೂ ಒಂದು ತೂತಿನ ಅಂತರದಲ್ಲಿ ವ್ಯತ್ಯಾಸ ಬರೀ 0.05 ಮಿಲಿಮೀಟರ್. ಕಣ್ಣಿಗೆ ಎಲ್ಲಿ ಕಾಣಬೇಕು? ಆದರೆ ಹತ್ತು ಅಂತರ ಸೇರಿದರೆ ಅರ್ಧ ಮಿಲಿಮೀಟರ್ ಆಯಿತು, 600 ಡಿಪಿಐನಲ್ಲಿ ಸುಮಾರು ಹನ್ನೆರಡು ಪಿಕ್ಸೆಲ್. ಕಂಪ್ಯೂಟರ್ ಅದನ್ನು ಬಿಡುವುದೇ ಇಲ್ಲ. ಅಮೆರಿಕದ ವಾಷಿಂಗ್ಟನ್-ಫ್ರಾಂಕ್ಲಿನ್ ಸ್ಟ್ಯಾಂಪು ಸರಣಿಯಲ್ಲಿ ಚಿತ್ರದ ಅಳತೆಯೂ ಹೀಗೇ. ರೋಟರಿ ಪ್ರೆಸ್‌ನಲ್ಲಿ ಉರುಳೆಗೆ ಹೊಂದುವಂತೆ ಅಚ್ಚನ್ನು ಬಾಗಿಸುವುದರಿಂದ ಚಿತ್ರ ಒಂದು ದಿಕ್ಕಿನಲ್ಲಿ ಚೂರು ಹಿಗ್ಗುತ್ತದೆ. ಫ್ಲಾಟ್ ಪ್ರೆಸ್‌ನಲ್ಲಿ ಎತ್ತರ ಸುಮಾರು 22 ಮಿಲಿಮೀಟರ್ ಇದ್ದರೆ, ಅದರ ರೋಟರಿ ಜೋಡಿ 22.5 ಇರಬಹುದು. ಅಷ್ಟರಲ್ಲೇ ಬೇರೆ ಕ್ಯಾಟಲಾಗ್ ನಂಬರ್, ಬೇರೆ ಬೆಲೆ.

ಈಗ ಕಾಣದ ಕಡೆಗೆ ಬರೋಣ. ಒಮ್ಮೆ ಮಾರಾಟಗಾರರೊಬ್ಬರು ಹಾಕಿದ್ದ ಸ್ಕ್ಯಾನ್ ಇಳಿಸಿಕೊಂಡು ನನ್ನ ಪ್ರೋಗ್ರಾಂಗೆ ಕೊಟ್ಟೆ. 95 ಬಂತು. ಖುಷಿಯಲ್ಲಿ ತರಿಸಿಕೊಂಡೆ. ಬಂದ ಮೇಲೆ ಕಪ್ಪು ಬಟ್ಟಲಿನಲ್ಲಿ ಬೋರಲು ಹಾಕಿ ಎರಡು ಹನಿ ವಾಟರ್‌ಮಾರ್ಕ್ ದ್ರವ (ಕಾಗದ ತೆಳುವಾದ ಜಾಗ ಕಪ್ಪಾಗಿ ಕಾಣಿಸುವ ಹಾಗೆ ಮಾಡುವ ದ್ರವ) ಬಿಟ್ಟೆ. ಮಧ್ಯದಲ್ಲಿ, ಕಿರುಬೆರಳಿನ ಉಗುರಿನ ಅರ್ಧದಷ್ಟು ಕಪ್ಪು ಕಲೆ ಎದ್ದಿತು. ಯಾರೋ ಹಿಂದೆ ಯಾವತ್ತೋ ಹಿಂಜ್ (ಆಲ್ಬಮ್‌ಗೆ ಸ್ಟ್ಯಾಂಪ್ ಅಂಟಿಸುವ ಕಾಗದದ ಚೂರು) ಕಿತ್ತಾಗ ಕಾಗದದ ಪದರವೂ ಎದ್ದುಬಂದಿತ್ತು. ಮುಂದಿನಿಂದ ನೋಡಿದರೆ ಏನೂ ಇಲ್ಲ, ಹೊಚ್ಚಹೊಸದು. ಅವರನ್ನು ಬೈದು ಏನು ಪ್ರಯೋಜನ, ಅವರೂ ಮುಂಭಾಗ ಮಾತ್ರ ತೋರಿಸಿದ್ದರು, ನಾನೂ ಮುಂಭಾಗವನ್ನೇ ಅಳೆದಿದ್ದೆ.

ಹಳೆಯ ಸ್ಟ್ಯಾಂಪಿಗೆ ಎರಡನೇ ಸಲ ಅಂಟು ಬಳಿಯುವುದು ಇದಕ್ಕಿಂತ ನಯವಾದ ಮೋಸ. ಹಳೆಯ ಸ್ಟ್ಯಾಂಪುಗಳಲ್ಲಿ ಮೊದಲು ಹಾಳೆಗೆ ಅಂಟು, ಆಮೇಲೆ ತೂತು. ಹಾಗಾಗಿ ಹರಿದ ಹಲ್ಲಿನ ತುದಿಯಲ್ಲಿ ಕಾಗದದ ನಾರು ಒಣಗಿ, ಮೆತ್ತಗೆ, ಬಿಡಿಬಿಡಿಯಾಗಿ ಇರುತ್ತದೆ. ಆಮೇಲೆ ಯಾರಾದರೂ ಹೊಸದಾಗಿ ಅಂಟು ಬಳಿದರೆ ಅದು ತುದಿಗೂ ಹರಿದು ನಾರು ಗಟ್ಟಿಯಾಗುತ್ತದೆ. ಭೂತಗನ್ನಡಿಯಲ್ಲಿ ಕಾಣುತ್ತದೆ, ಬೆರಳಿಗೆ ಚುಚ್ಚಿದ ಹಾಗೂ ಆಗುತ್ತದೆ. ಇದನ್ನು ಸ್ಕ್ಯಾನ್‌ನಿಂದ ಹೇಳುತ್ತೇನೆ ಅನ್ನುವ ಪ್ರೋಗ್ರಾಂ ಸಿಕ್ಕರೆ ನಾನಂತೂ ದೂರ ಇಡುತ್ತೇನೆ. ಯಾರಾದರೂ ಆಮೇಲೆ ಹೊಸದಾಗಿ ಹಲ್ಲು ಕೊರೆದಿದ್ದರೆ ಮಾತ್ರ ಕಂಪ್ಯೂಟರ್ ಸ್ವಲ್ಪ ಸಹಾಯಕ್ಕೆ ಬರುತ್ತದೆ. ಒಂದು ಬದಿಯ ತೂತುಗಳ ಗಾತ್ರ ಎದುರು ಬದಿಗಿಂತ ಬೇರೆ ಬಂದರೆ ಅನುಮಾನಪಡಿ.

ಮಡಿಕೆ ಗೆರೆಗೆ ಒಂದು ಉಪಾಯ ಇದೆ. ಬೆಳಕು ಓರೆ ಅಂದೆನಲ್ಲ, ಅದನ್ನೇ ಬಳಸಿಕೊಳ್ಳಿ. ಸ್ಟ್ಯಾಂಪನ್ನು ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡಕ್ಕೆ ತಿರುಗಿಸಿ ಸ್ಕ್ಯಾನ್ ಮಾಡಿ. ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಎದ್ದು ಕಾಣಬಹುದು. ಎಲ್ಲ ಮಡಿಕೆಯೂ ಸಿಗುವುದಿಲ್ಲ, ಆದರೆ ನನಗೆ ಹಲವು ಸಲ ಸಿಕ್ಕಿದೆ.

ಕೆಲವು ಸ್ಟ್ಯಾಂಪುಗಳಿಗೆ ಈ ಲೆಕ್ಕವೇ ಹೊಂದುವುದಿಲ್ಲ. 1840ರ ಪೆನ್ನಿ ಬ್ಲ್ಯಾಕ್‌ಗೆ ಹಲ್ಲೇ ಇಲ್ಲ, ಕತ್ತರಿಯಿಂದ ಕತ್ತರಿಸಿದ್ದು. ಅಲ್ಲಿ ನಾಲ್ಕು ಕಡೆಯೂ ಮಾರ್ಜಿನ್ ಉಳಿದಿದೆಯಾ ಅನ್ನುವುದೇ ದೊಡ್ಡ ಪ್ರಶ್ನೆ. ಈಗಿನ ಎಷ್ಟೋ ಸ್ಟ್ಯಾಂಪುಗಳಲ್ಲಿ ಚಿತ್ರ ಅಂಚಿನವರೆಗೂ ಹರಡಿರುತ್ತದೆ, ಅಳೆಯುವುದಕ್ಕೆ ಮಾರ್ಜಿನ್ ಎಲ್ಲಿದೆ? ದಪ್ಪ ಅಂಚೆ ಮುದ್ರೆ ಬಿದ್ದ ಸ್ಟ್ಯಾಂಪಿನಲ್ಲಿ ಪ್ರೋಗ್ರಾಂ ಮುದ್ರೆಯ ಮಸಿಯನ್ನೇ ಚೌಕಟ್ಟಿನ ಗೆರೆ ಅಂದುಕೊಳ್ಳುವುದೂ ಉಂಟು. ಇಂಥವನ್ನು ಮೊದಲೇ ಬೇರೆ ಮಾಡಿಡಿ.

ಎಐಗೆ ಕಲಿಸಿದರೆ ಆಗುವುದಿಲ್ಲವಾ ಅಂತ ನೀವು ಕೇಳಿದ್ದಿರಿ. ಕಲಿಸಬೇಕಾದರೆ ಸರಿಯಾದ ಉತ್ತರ ಮೊದಲು ನಮ್ಮ ಹತ್ತಿರ ಇರಬೇಕಲ್ಲ. ನೋಟಕ್ಕೆ ಹೇಗಿದೆ ಅನ್ನುವುದರಲ್ಲಿ ಇಬ್ಬರು ಅನುಭವಸ್ಥರೇ ಒಪ್ಪುವುದಿಲ್ಲ. ಅಂಥ ಅಂಕಗಳನ್ನು ಉಣಿಸಿದರೆ ಯಂತ್ರವೂ ಅದೇ ಗೊಂದಲ ಕಲಿಯುತ್ತದೆ, ಹೇಳುವಾಗ ಮಾತ್ರ ದಶಮಾಂಶ ಸಮೇತ ಹೇಳುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಒಂದೇ ಸ್ಟ್ಯಾಂಪನ್ನು ತಿರುಗಿಸಿ ತಿರುಗಿಸಿ ನಾಲ್ಕು ಸಲ ಸ್ಕ್ಯಾನ್ ಮಾಡಿ, ನಾಲ್ಕಕ್ಕೂ ಅಂಕ ತೆಗೆಯುವುದು. ಒಂದು ಸಲ 85, ಇನ್ನೊಂದು ಸಲ 95 ಬಂದರೆ ಮುಂದೆ ಹೋಗುವುದೇ ಬೇಡ, ಸ್ಕ್ಯಾನ್ ಮಾಡುವ ರೀತಿ ಸರಿಮಾಡಬೇಕು. ನಾಲ್ಕೂ ಹತ್ತಿರ ಬಂದರೆ ಎರಡು ಸಾವಿರಕ್ಕೂ ಓಡಿಸಿ, ಸೆಂಟರಿಂಗ್ ಪ್ರಕಾರ ಸಾಲಾಗಿ ಜೋಡಿಸಿ. ಮೇಲಿನ ಐವತ್ತು ಅರವತ್ತನ್ನು ಮಾತ್ರ ಆಲ್ಬಮ್‌ನಿಂದ ಚಿಮುಟದಲ್ಲಿ ಎತ್ತಿಕೊಳ್ಳಿ. ಹಿಂಭಾಗ ನೋಡಿ, ಭೂತಗನ್ನಡಿ ಹಿಡಿಯಿರಿ, ವಾಟರ್‌ಮಾರ್ಕ್ ದ್ರವ ಹಾಕಿ. ದ್ರವ ಹಾಕುವ ಮುಂಚೆ ಆ ಸ್ಟ್ಯಾಂಪಿನ ಬಣ್ಣ ಅದರಲ್ಲಿ ಬಿಡುತ್ತದಾ ಅಂತ ಕ್ಯಾಟಲಾಗ್‌ನಲ್ಲಿ ನೋಡಿಕೊಳ್ಳಿ, ಫೋಟೊಗ್ರೇವರ್ ಮುದ್ರಣದ ಕೆಲವದರಲ್ಲಿ ಬಿಡುತ್ತದೆ. ಅಷ್ಟೂ ದಾಟಿ ಉಳಿದ ನಾಲ್ಕೈದನ್ನು ಪರಿಣತರಿಗೆ ಕಳಿಸುವುದೋ ಬೇಡವೋ ಅಂತ ಆಮೇಲೆ ಯೋಚಿಸಿದರಾಯಿತು. ಆ ನಾಲ್ಕು ಅಂಕ ಎಷ್ಟೆಷ್ಟು ಬಂತು ಅಂತ ಕಾಮೆಂಟ್‌ನಲ್ಲಿ ಹೇಳಿ, ಸ್ಕ್ಯಾನರ್ ಸೆಟ್ಟಿಂಗ್ ಏನಾದರೂ ಬದಲಾಯಿಸಬೇಕಾ ಅಂತ ನೋಡೋಣ.