ನರಸಿಂಹರಾಜು ಅವರನ್ನು ಹಾಸ್ಯ ಚಕ್ರವರ್ತಿ ಅಂತ ಯಾಕೆ ಕರೆಯುತ್ತಾರೆ? ಬರೀ ಹಲ್ಲು ತೋರಿಸಿ ನಗಿಸಿದವರಲ್ವಾ?

ಬರೀ ಹಲ್ಲು ಅಂದುಬಿಟ್ಟಿರಲ್ಲ, ಅದಕ್ಕೇ ಬರೆಯಲು ಕೂತೆ. ಹಲ್ಲು ಉಬ್ಬಿತ್ತು, ಆಳೂ ಸಣಕಲು, ನಿಜ. ಆದರೆ ಉಬ್ಬು ಹಲ್ಲಿನವರು ಊರಿಗೆ ಹತ್ತು ಜನ ಇರುತ್ತಾರೆ, ಅದರಲ್ಲಿ ನಾನೂ ಒಬ್ಬ. ನನ್ನನ್ನು ನೋಡಲು ಯಾರೂ ಟಿಕೆಟ್ ತಗೊಂಡಿಲ್ಲ.

ನಮ್ಮದು ಕೊಡಗಿನ ಸೋಮವಾರಪೇಟೆ ಕಡೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ಮೂರು ದಿನ ಪತ್ತೆ ಇರುವುದಿಲ್ಲ. ಆಗೆಲ್ಲ ಅಜ್ಜ ಒಲೆ ಮುಂದೆ ಕೂತು 'ಸತ್ಯ ಹರಿಶ್ಚಂದ್ರ'ದ ನಕ್ಷತ್ರಿಕನನ್ನು ಮಾಡಿ ತೋರಿಸುತ್ತಿದ್ದರು. 1965ರ ಸಿನಿಮಾ, ರಾಜ್‌ಕುಮಾರ್ ಹರಿಶ್ಚಂದ್ರ, ವಿಶ್ವಾಮಿತ್ರನ ಸಾಲ ವಸೂಲಿಗೆ ಬೆನ್ನು ಹತ್ತುವ ಶಿಷ್ಯ ನಕ್ಷತ್ರಿಕನಾಗಿ ನರಸಿಂಹರಾಜು. ರಾಜ್ಯ ಹೋಗಿದೆ, ಹೆಂಡತಿ ಮಗನನ್ನು ಮಾರುವ ಗತಿ ಬಂದಿದೆ, ಅಂಥ ಹೊತ್ತಿನಲ್ಲಿ ಈ ಆಸಾಮಿ ಬೆನ್ನು ಬಿಡದೆ ಪೀಡಿಸುತ್ತಾನೆ. ನಮಗೆ ಸಿಟ್ಟೂ ಬರಬೇಕು, ನಗುವೂ ಬರಬೇಕು, ಹರಿಶ್ಚಂದ್ರನ ದುಃಖ ಮಾತ್ರ ಹಗುರ ಆಗಬಾರದು. ಸ್ವಲ್ಪ ಜಾಸ್ತಿ ಆಡಿದ್ದರೆ ಕಥೆಯೇ ಕೆಡುತ್ತಿತ್ತು. ನಮ್ಮ ಮನೆಯಲ್ಲಂತೂ ಕಾಫಿ ಕೊಯ್ಲಿಗೆ ಮುಂಚೆ ಸಾಲ ಕೇಳುವವರು ಗೇಟಿನ ಹತ್ತಿರ ಕಂಡರೆ ಸಾಕು, ಅಜ್ಜ "ಬಂದ ನೋಡು ನಕ್ಷತ್ರಿಕ" ಅಂತ ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಆ ಹದ ಕ್ಯಾಮೆರಾ ಮುಂದೆ ಕಲಿತದ್ದಲ್ಲ. ತಿಪಟೂರಿನ ಹುಡುಗ, ಚಿಕ್ಕಂದಿನಲ್ಲೇ ನಾಟಕ ಕಂಪನಿ ಸೇರಿ, ಗುಬ್ಬಿ ವೀರಣ್ಣನವರ ಕಂಪನಿಯಲ್ಲೂ ಪಳಗಿದವರು. ನಾಟಕದಲ್ಲಿ ರೀಟೇಕ್ ಎಲ್ಲಿ ಬಂತು? ಎದುರಿಗೆ ಕೂತವನು ನಗಲಿಲ್ಲ ಅಂದರೆ ಆ ಕ್ಷಣವೇ ಗೊತ್ತಾಗುತ್ತದೆ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ, 1954ರ 'ಬೇಡರ ಕಣ್ಣಪ್ಪ', ಇವರಿಗೂ ಮೊದಲನೆಯದು. ಆಮೇಲೆ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಮೂವರೂ ಒಟ್ಟಿಗಿರುವ ಸಿನಿಮಾ ಎಷ್ಟು ಬಂದವೋ, ಲೆಕ್ಕ ಹಾಕಲು ಕೂತರೆ ಸಂಜೆಯಾಗುತ್ತದೆ. ಸಣ್ಣ ಪಾತ್ರಗಳೇ ಅಂದುಕೊಳ್ಳಬೇಡಿ, 1974ರಲ್ಲಿ 'ಪ್ರೊಫೆಸರ್ ಹುಚ್ಚೂರಾಯ' ಅಂತ ಸ್ವಂತ ಸಿನಿಮಾನೂ ಮಾಡಿದರು. 1979ರ ಜುಲೈನಲ್ಲಿ ತೀರಿಕೊಂಡರು, ಇನ್ನೂ ಅರವತ್ತು ತುಂಬಿರಲಿಲ್ಲ.

ಸುಮ್ನೆ ಯೂಟ್ಯೂಬ್‌ನಲ್ಲಿ ಎರಡು ನಿಮಿಷದ ತುಣುಕು ನೋಡಿ ತೀರ್ಮಾನ ಮಾಡಬೇಡಿ, 'ಸತ್ಯ ಹರಿಶ್ಚಂದ್ರ' ಪೂರ್ತಿ ನೋಡಿ. ಬಣ್ಣ ಹಾಕಿ 2008ರಲ್ಲಿ ಮತ್ತೆ ಬಿಡುಗಡೆ ಮಾಡಿದ್ದರು, ಅದೂ ಚೆನ್ನಾಗಿದೆ. ಅಜ್ಜ ಮಾತ್ರ ಒಪ್ಪಲಿಲ್ಲ, "ನಕ್ಷತ್ರಿಕನಿಗೆ ಯಾಕೋ ಬಣ್ಣ" ಅಂದು ಟಿವಿ ಮುಂದಿನಿಂದ ಎದ್ದೇ ಹೋದರು.